ಏಳು ಗಂಟೆಯ ಮನೆಮಗಳು

ನಮ್ಮ ಮನೇಲಿ ಸಾಯಂಕಾಲ ಏಳು ಗಂಟೆಗೆ ಯಾರಿಗೂ ಹಸಿವಾಗಂಗಿಲ್ಲ, ಕೆಮ್ಮು ಬರಂಗಿಲ್ಲ, ಮಿಕ್ಸಿ ತಿರುಗಂಗಿಲ್ಲ. ಆ ಹೊತ್ತಿಗೆ ನಮ್ಮತ್ತೆ ಮುನಿವೆಂಕಟಮ್ಮ ಹಾಲ್‌ನಲ್ಲಿ ಚಾಪೆ ಹಾಸ್ಕೊಂಡು, ಗೋಡೆಗೆ ಒರಗಿ, ಟೀವಿ ಮುಂದೆ ಕೂತಿರ್ತಾರೆ. ಬೆಳಗ್ಗೆಯೆಲ್ಲ ನ್ಯೂಸ್ ಚಾನೆಲ್. ಯಾವ ರಸ್ತೇಲಿ ಯಾರ ಕಾರು ಪಲ್ಟಿ ಹೊಡೀತು, ಯಾವ ಮಂತ್ರಿ ಯಾರ ಮೇಲೆ ಮುನಿಸ್ಕೊಂಡ, ಎಲ್ಲ ಬೇಕು ಅವರಿಗೆ. ಏಳಕ್ಕೆ ಮಾತ್ರ ಯೂಟ್ಯೂಬ್. ನನ್ನ ಮಗಳು ಮೋನಿಕಾ ಕಾಲೇಜಿಂದ ಬಂದು ಬ್ಯಾಗ್ ಇಳಿಸೋಕೂ ಮೊದ್ಲು ‘ಬಣ್ಣದ ಕಟ್ಟೆ’ ಅನ್ನೋ ಚಾನೆಲ್ ಹಾಕ್ಕೊಡ್ಬೇಕು.

ಅದು ಸಿನಿಮಾದವರ, ಸೀರಿಯಲ್‌ನವರ ಗಾಸಿಪ್ ಚಾನೆಲ್. ಮುಖ ತೋರ್ಸಲ್ಲ. ಫೋಟೋಗಳು ಬಂದು ಹೋಗ್ತಾ ಇರ್ತವೆ, ಹಿಂದೆ ಒಂದು ಹೆಣ್ಣು ದನಿ. “ನಮಸ್ಕಾರ, ನಾನು ನಿಮ್ಮ ಮನೆಮಗಳು” ಅಂತ ಶುರು ಮಾಡ್ತಾಳೆ. ಹೆಸರು ಹೇಳಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ನಮ್ಮತ್ತೆಗೆ ಕಣ್ಣು ಮಂಜು. ಟೀವೀಲಿ ಬಣ್ಣಗಳು ಓಡಾಡೋದಷ್ಟೇ ಕಾಣೋದು. ಕಿವಿ ಮಾತ್ರ ಭಾರಿ ಚುರುಕು, ಅಡಿಗೆಮನೇಲಿ ನಾನು ಗೊಣಗಿದ್ದೂ ಕೇಳುತ್ತೆ.

“ಅತ್ತೆ, ಮುದ್ದೆ ಆರೋಗ್ತಾ ಐತೆ, ಬನ್ನಿ.”

“ಆರ್ಲಿ ಬಿಡಮ್ಮಿ. ಆ ಎಣ್ಣಿನ ಗಂಡ ಮನೆಗೆ ತಿರುಗಿ ಬಂದ್ನೋ ಇಲ್ವೋ ಅಂತ ಏಳ್ಲಿ ಮೊದ್ಲು.”

“ಅವಳ ಗಂಡ ಬಂದ್ರೆ ನಿಮಗೇನು, ಬಿಟ್ರೆ ನಿಮಗೇನು? ನನಗೆ ಮತ್ತೆ ಸಾರು ಕಾಯಿಸೋ ಕೆಲಸ.”

ನಮ್ಮೆಜಮಾನ್ರು ಚನ್ನಕೇಶವ ಅಲ್ಲಾಳಸಂದ್ರದ ಹಳೇ ಕುಳ. ಹೊಲ ಇದ್ದ ಕಡೆ ಈಗ ಬಾಡಿಗೆ ಮನೆ ಕಟ್ಟಿಸಿದ್ದಾರೆ. ಅವರೂ ಒಂದು ಮಾತು ಸೇರಿಸ್ತಿದ್ರು. “ಅಮ್ಮ, ಕಂಡೋರ ಮನೆ ವಿಷಯ ನಿಂಗ್ಯಾಕೆ?”

“ನೀನು ದಿನವೆಲ್ಲ ಕಂಡೋರ ಸೈಟಿನ ವಿಷಯ ಮಾತಾಡ್ತೀಯಲ್ಲಪ್ಪ, ನಾನೇನಾದ್ರೂ ಕೇಳಿದ್ನಾ?”

ಮೋನಿಕಾ ಕಿಸಕ್ ಅಂತ ನಗ್ತಿದ್ಲು. ನಾನು ಪಾತ್ರೆ ಕುಕ್ತಿದ್ದೆ. ದಿನಾ ಇದೇ ಗೋಳು.

ನಮ್ಮತ್ತೆಗೆ ಹೆಣ್ಣುಮಕ್ಕಳಿಲ್ಲ. ಒಬ್ಬನೇ ಮಗ. ಗೌರಿ ಹಬ್ಬಕ್ಕೆ ಎಲ್ಲರ ಮನೇಲೂ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ, ಬಳೆ, ರವಿಕೆ ಬಟ್ಟೆ ಇಡ್ತಾರೆ. ಹೋದ ವರ್ಷ ಇವರು ಏನು ಮಾಡಿದ್ರು ಗೊತ್ತಾ? ಒಂದು ತಟ್ಟೇಲಿ ಅದನ್ನೆಲ್ಲ ಜೋಡಿಸಿ ಟೀವಿ ಮುಂದೆ ಇಟ್ರು. “ನಿಮ್ಮ ಮನೆಮಗಳು ಅಂತ ಅವಳೇ ಬಾಯ್ಬಿಟ್ಟು ಏಳ್ತಾಳೆ ದಿನಾ. ಸುಮ್ಕಿರಕ್ಕಾಯ್ತದಾ?” ಅಂದ್ರು. ನಾನು ನಕ್ಕು ನಕ್ಕು ಸುಸ್ತಾದೆ. ರಾಜಾನುಕುಂಟೆಯ ನಮ್ಮ ತವರಿಗೆ ಫೋನ್ ಮಾಡಿ ಅವರನ್ನೂ ನಗಿಸ್ದೆ.

ನಮ್ಮ ಮೇಲಿನ ಮನೇಲಿ ಬಾಡಿಗೆಗೆ ಇರೋರು ಅಥಣಿ ಕಡೆಯವರು. ಅಪ್ಪಾಸಾಹೇಬ ಅಂತ, ಸೋಲದೇವನಹಳ್ಳೀಲಿ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ. ಹೆಂಡತಿ ರತ್ನಕ್ಕ, ಮಗಳು ರಕ್ಷಾ. ಅಪ್ಪಾಸಾಹೇಬರು ತಲೆ ಬಗ್ಗಿಸಿ ಹೋಗಿ ತಲೆ ಬಗ್ಗಿಸಿ ಬರೋ ಮನುಷ್ಯ. ಮಗಳ ಮಾತು ಬಂದ್ರೆ ಮಾತ್ರ ತಲೆ ಎತ್ತೋರು. “ನಮ್ಮ ರಕ್ಷಾ ಚಾನೆಲ್ಲಿನಾಗ ಸುದ್ದಿ ಓದ್ತಾಳ್ರೀ” ಅಂತ ಹಾಲಿನವನಿಗೂ ಹೇಳಿದ್ರು. ಯಾವ ಚಾನೆಲ್ಲು ಅಂತ ನಾವ್ಯಾರೂ ಕೇಳಿರ್ಲಿಲ್ಲ. ಮಾತು ಕಮ್ಮಿ ಹುಡುಗಿ. ಮೆಟ್ಟಿಲ ಹತ್ರ ಸಿಕ್ಕಿದ್ರೆ “ಆಂಟಿ, ನೀರು ಬಂದಾವೇನ್ರೀ?” ಅಂತ ಅವರ ಕಡೆ ಭಾಷೇಲಿ ಕೇಳಿ ಹೋಗೋಳು, ಅಷ್ಟೇ.

ಈ ಸಲ ಶ್ರಾವಣ ಮುಗಿಯೋ ಹೊತ್ತಿಗೆ ಒಂದು ಬೆಳಗ್ಗೆ ತಾರಸಿ ಮೇಲೆ ಮೆಣಸಿನಕಾಯಿ ಒಣಗಿಸ್ತಿದ್ವಿ. ನಾನು ಹರಡ್ತಿದ್ದೆ, ನಮ್ಮತ್ತೆ ಕೂತು ತೊಟ್ಟು ಮುರೀತಿದ್ರು. ನೀರಿನ ಟ್ಯಾಂಕಿನ ಹಿಂದೆ ಯಾರೋ ಮೆಲ್ಲಗೆ ಏನೋ ಓದ್ತಿದ್ರು. ನಮ್ಮತ್ತೆ ನನ್ನ ಮಣಿಕಟ್ಟು ಹಿಡ್ಕೊಂಡ್ರು.

“ಸುಮ್ಕಿರು. ಕೇಳು.”

“ಮೇಲಿನ ಮನೆ ರಕ್ಷಾ, ಅತ್ತೆ. ಏನೋ ಓದ್ಕೊಳ್ತಾ ಇದಾಳೆ.”

“ಉಸಿರು ಎಳ್ಕಂಡು, ಒಂಚೂರು ತಡ್ದು, ‘ಆದರೆ’ ಅಂದ್ಲಲ್ಲ, ಕೇಳಿದ್ಯಾ? ಅವಳೇ ಕಣಮ್ಮಿ. ಮನೆಮಗಳು.”

“ಬಿಸಿಲಿಗೆ ತಲೆ ಕೆಟ್ಟಿರ್ಬೇಕು ನಿಮಗೆ” ಅಂದೆ. “ಈ ಹುಡುಗಿಗೆ ನಮ್ಮ ಕಡೆ ಮಾತೇ ಬರಲ್ಲ.”

ಅಷ್ಟರಲ್ಲಿ ಪಕ್ಕದ ಏರ್‌ಬೇಸಿನ ವಿಮಾನ ತಲೆ ಮೇಲೆ ಗುಡುಗ್ತಾ ಹೋಯ್ತು, ಹುಡುಗಿ ಕೆಳಗಿಳಿದು ಹೋದ್ಲು. ಟ್ಯಾಂಕಿನ ಹಿಂದಿಂದ ನನ್ನ ಕಿವಿಗೆ ಒಂದೇ ಒಂದು ವಾಕ್ಯ ಪೂರ್ತಿ ಬಿದ್ದಿತ್ತು. “ಆದರೆ ಆ ಮನೆಯ ಬಾಗಿಲು ಇಂದಿಗೂ ತೆರೆದಿಲ್ಲ.” ಸಾಯಂಕಾಲ ನಾನು ಮುದ್ದೆ ತಿರುವ್ತಿದ್ದೆ. ಹಾಲ್‌ನಲ್ಲಿ ಟೀವಿ. ನಮಸ್ಕಾರ ಆಯ್ತು, ಫೋಟೋ ಬಂತು, ಯಾವುದೋ ನಟನ ಮನೆ ಕಥೆ ಶುರುವಾಯ್ತು. ಆಮೇಲೆ ಸಣ್ಣ ಉಸಿರು, ಒಂಚೂರು ತಡೆ, “ಆದರೆ ಆ ಮನೆಯ ಬಾಗಿಲು ಇಂದಿಗೂ ತೆರೆದಿಲ್ಲ.”

ನನ್ನ ಕೈಲಿದ್ದ ಮುದ್ದೆ ಕೋಲು ನಿಂತೋಯ್ತು. ಊರೆಲ್ಲ ಕೇಳೋ ದನಿ ನಮ್ಮ ತಲೆ ಮೇಲೇ ಇತ್ತು, ನಮ್ಮ ಸಂಪಿನ ನೀರೇ ಕುಡೀತಿತ್ತು. ಅದನ್ನ ಕಂಡುಹಿಡಿದಿದ್ದು ಕಣ್ಣು ಕಾಣದ ಈ ಮುದುಕಿ. ನಾನು ಬಾಗಿಲಿಗೆ ಬಂದು ನೋಡಿದ್ರೆ ನಮ್ಮತ್ತೆ ಎರಡೂ ಕೈ ಜೋಡಿಸ್ಕೊಂಡು ಸೂರು ನೋಡ್ತಾ ಕೂತಿದ್ರು.

“ಯಾರಿಗೂ ಏಳ್ಬೇಡ” ಅಂದ್ರು. “ಗೌರಿ ಅಬ್ಬಕ್ಕೆ ನಾವೇ ಓಗಿ ಮರ್ಯಾದೆ ಮಾಡಾನ.”

ಹಬ್ಬದ ದಿನ ಒಬ್ಬಟ್ಟು ಮಾಡಿ ಮುಗಿಸೋ ಹೊತ್ತಿಗೆ ನನ್ನ ಸೊಂಟ ಬಿದ್ದೋಗಿತ್ತು. ಆದ್ರೂ ತಟ್ಟೆ ಹೊತ್ಕೊಂಡು ಮೇಲೆ ಹೋಗ್ಲೇಬೇಕು ಅಂತ ಅತ್ತೆ ಹಟ. ಹಸಿರು ಗಾಜಿನ ಬಳೆ, ರೇಷ್ಮೆ ರವಿಕೆ ಬಟ್ಟೆ, ಹೂವು, ತೆಂಗಿನಕಾಯಿ, ಒಬ್ಬಟ್ಟು. ಗೋಡೆ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ್ರು ನಮ್ಮತ್ತೆ. ಒಳಗೆ ಅಪ್ಪಾಸಾಹೇಬರು ಊಟಕ್ಕೆ ಕೂತಿದ್ರು, ರಕ್ಷಾ ಬಡಿಸ್ತಿದ್ಲು. ರತ್ನಕ್ಕ ಗಡಿಬಿಡೀಲಿ ಚಾಪೆ ಹಾಸಿದ್ರು.

“ಇದು ಯಾಕ್ರೀ ಅವ್ವಾರ?” ಅಂದ್ರು ಅಪ್ಪಾಸಾಹೇಬರು.

“ನಮ್ಮನೆ ಮಗಳಿಗೆ. ನಿನ್ ಮಗಳು ಯಾರು ಗೊತ್ತೇನಪ್ಪ? ಊರಿಗೇ ಮನೆಮಗಳು. ಏಳು ಗಂಟೆಗೆ ಇವಳ ದನಿ ಕೇಳ್ದೆ ನಾನು ತುತ್ತು ಎತ್ತಲ್ಲ.”

ಅಪ್ಪಾಸಾಹೇಬರಿಗೆ ಅರ್ಥ ಆಗ್ಲಿಲ್ಲ. “ಏಳಕ್ಕ ಸುದ್ದಿ ಇರ್ತದೇನವಾ ರಕ್ಷಾ?” ಅಂದ್ರು. ಹುಡುಗಿ ಸೌಟು ಹಿಡ್ಕೊಂಡು ನಿಂತೇ ಬಿಟ್ಲು. ನಮ್ಮತ್ತೆಗೆ ಅದು ಕಾಣ್ಬೇಕಲ್ಲ. ಅವರು ಖುಷೀಲಿ ಇದ್ರು. “ಆಕಮ್ಮಿ ಫೋನು, ಕೇಳ್ಲಿ” ಅಂದ್ರು ನನಗೆ. ನಾನೊಬ್ಬಳು ದಡ್ಡಿ, ಒತ್ತಿಬಿಟ್ಟೆ.

ಯಾವುದೋ ಸೀರಿಯಲ್ ನಟಿ ಮೂರನೇ ಮದುವೆಗೆ ರೆಡಿಯಾಗಿದ್ದಾಳಂತೆ, ರೆಸಾರ್ಟಿನಲ್ಲಿ ಕಾಣಿಸ್ಕೊಂಡ್ಲಂತೆ. ಆ ಕಥೆ. ರಕ್ಷಾ ದನಿ ಆ ಪುಟ್ಟ ರೂಮಿನ ತುಂಬ ತುಂಬ್ಕೊಳ್ತು. ಅಪ್ಪಾಸಾಹೇಬರು ಕೈಲಿದ್ದ ರೊಟ್ಟಿ ತಟ್ಟೇಲಿ ಇಟ್ರು.

“ನೀನ ಹೌದೇನು?”

“ಹೌದಪ್ಪ.”

“ಚಾದಂಗಡಿಯಾಗ ಕುಂತು ಮಂದಿ ಮನಿ ಹೆಣ್ಮಕ್ಕಳ ಮಾತಾಡೋ ಗಂಡಸರನ್ನ ನಾ ಎಷ್ಟು ಬೈದೀನಿ. ನನ್ನ ಮಗಳು ಅದನ್ನ ನಾಡಿಗೆಲ್ಲ ಕೇಳೂಹಂಗ ಓದ್ತಾಳ. ನಾ ಊರಾಗ ಏನಂತ ಹೇಳೀನಿ ಗೊತ್ತೈತೇನು ನಿನಗ? ಸುದ್ದಿ ಓದ್ತಾಳ ಅಂತ ಹೇಳೀನಿ.”

“ಸುದ್ದಿ ಓದಾಕ ಕರೀಲಿಲ್ಲಪ್ಪ ಯಾರೂ.”

“ನಾಳಿಂದ ಹೋಗೂದು ಬ್ಯಾಡ. ದಸರಾಕ್ಕಿಂತ ಮೊದಲ ಊರಿಗೆ ಬಿಟ್ಟು ಬರ್ತೀನಿ. ನಿಮ್ಮ ಕಾಕಾನ ಮನಿಯಾಗ ಇರು. ವರಾ ನೋಡೂಣು.”

ಜೋರಾಗಿ ಕೂಗ್ಲಿಲ್ಲ ಅವರು. ಕೂಗಿದ್ರೆ ನಾವಾದ್ರೂ ಸಮಾಧಾನ ಮಾಡ್ಬೋದಿತ್ತು. ರತ್ನಕ್ಕ ಬಳೆ ತಟ್ಟೆ ಮೇಲೆ ಸೆರಗು ಮುಚ್ಚಿ ಒಳಗೆ ತಗೊಂಡು ಹೋದ್ರು. ನಾನು ನಮ್ಮತ್ತೇನ ಕೈ ಹಿಡಿದು ಇಳಿಸ್ಕೊಂಡು ಬಂದೆ.

ಕೆಳಗೆ ಬಂದ ಮೇಲೆ ಶುರುವಾಯ್ತು ನಮ್ಮನೆ ರಾಮಾಯಣ. ಎಜಮಾನ್ರು ಹಬ್ಬದ ದಿನ ಅಂತಾನೂ ನೋಡ್ಲಿಲ್ಲ.

“ಬಾಡಿಗೆಯವರ ಮನೆ ಒಳಗೆ ಹೋಗಿ ಬೆಂಕಿ ಹಾಕಿ ಬಂದ್ಯಲ್ಲಮ್ಮ. ಒಳ್ಳೇ ಜನ ಅವ್ರು. ಆ ಹುಡುಗಿ ಕೆಲಸ ಹೋಯ್ತು.”

“ಮರ್ಯಾದೆ ಮಾಡಕ್ಕೆ ಓದೆ ಕಣೋ.”

“ಅವ್ರ ಅಪ್ಪನಿಗೆ ಗೊತ್ತಾ ಇಲ್ವಾ ಅಂತ ಮೊದ್ಲು ಕೇಳ್ಬಾರ್ದಾ?”

“ನೀವೂ ಬಿಡ್ರೀ” ಅಂತ ನಾನು ಅಡ್ಡ ಹೋದೆ. ಫೋನು ಒತ್ತಿದ್ದು ನನ್ನ ಬೆರಳೇ. ಅದನ್ನ ಹೇಳಿದ್ರೆ ನನಗೂ ಮಂಗಳಾರತಿ ಆಗುತ್ತೆ ಅಂತ ಸುಮ್ಮನಾದೆ.

ಮಾರನೇ ದಿನ ಏಳು ಗಂಟೆಗೆ ಬಣ್ಣದ ಕಟ್ಟೇಲಿ ಬೇರೆ ದನಿ ಬಂತು. ಯಾವುದೋ ಗಂಡು ದನಿ, ಕೂಗಾಡ್ತಾ ಓದ್ತಿದ್ದ. ನಮ್ಮತ್ತೆ “ಆಫ್ ಮಾಡು” ಅಂದ್ರು. ಅದರ ಮಾರನೇ ದಿನ ಬೆಳಗಿನ ನ್ಯೂಸೂ ಬೇಡ ಅಂದ್ರು. ಮಗ ಮೆತ್ತಗಾಗಿ ತಾನೇ ರಿಮೋಟ್ ತಂದ್ಕೊಟ್ರೂ ಮುಟ್ಲಿಲ್ಲ. ನಾನು ಎಷ್ಟೋ ವರ್ಷದಿಂದ ಬೇಡಿಕೊಂಡಿದ್ದು ಇದನ್ನೇ ತಾನೇ? ಮನೆ ಶಾಂತವಾಗಿರ್ಬೇಕು, ಮುದ್ದೆ ಬಿಸಿಯಾಗಿರೋವಾಗ್ಲೇ ಎಲ್ಲರೂ ಕೂರ್ಬೇಕು. ಈಗ ಹೊತ್ತಿಗೆ ಸರಿಯಾಗಿ ಕೂತ್ರೂ ಯಾರಿಗೂ ಸೇರ್ತಿರ್ಲಿಲ್ಲ. ಮೋನಿಕಾ ತಟ್ಟೆ ಮುಂದೆ ಫೋನ್ ನೋಡ್ತಿದ್ಲು, ಎಜಮಾನ್ರು ಗೋಡೆ ನೋಡ್ತಿದ್ರು. ಮಾತಾಡೋಕೆ ನಮ್ಮ ಹತ್ರ ಏನೂ ಇರ್ಲಿಲ್ಲ ಅಂತ ನನಗೆ ಆಗ ಗೊತ್ತಾಯ್ತು. ನಾವು ದಿನಾ ಜಗಳ ಆಡ್ತಿದ್ದದ್ದೂ ಆ ಹುಡುಗಿ ಹೇಳಿದ ಸುದ್ದಿ ಮೇಲೇ.

ಆಮೇಲೆ ಒಂದು ಮಧ್ಯಾಹ್ನ ರಕ್ಷಾನೇ ಕೆಳಗೆ ಬಂದ್ಲು. ರತ್ನಕ್ಕ ಕಳಿಸಿದ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಡಬ್ಬೀಲಿ ಇತ್ತು. ನಮ್ಮತ್ತೆ ಅವಳ ಕೈ ಹುಡುಕಿ ಹಿಡ್ಕೊಂಡ್ರು.

“ನನ್ನಿಂದ ನಿನ್ ಬಾಯಿ ಕಟ್ಟೋಯ್ತಲ್ಲವ್ವ.”

“ಹಂಗೇನಿಲ್ರೀ ಅಜ್ಜಿ. ಎಂದಾರ ಗೊತ್ತಾಗೂದ ಇತ್ತು. ನಾನ ಹೇಳಬೇಕಿತ್ತು, ಧೈರ್ಯ ಆಗ್ಲಿಲ್ಲ.”

“ಒಂದು ಕೇಳ್ತೀನಿ, ಬೇಜಾರು ಮಾಡ್ಕಬೇಡ. ನೀನು ಓದಿದ್ದೆಲ್ಲ ನಿಜವಾ?”

ಹುಡುಗಿ ಡಬ್ಬಿ ಕೆಳಗಿಟ್ಲು. “ಅರ್ಧ ಖರೆ ಅಜ್ಜಿ. ಉಳಿದದ್ದು ಖರೆನೋ ಸುಳ್ಳೋ ಬರದವರಿಗೂ ಗೊತ್ತಿರಂಗಿಲ್ಲ.”

“ನಂಗೊತ್ತಿತ್ತು” ಅಂದ್ರು ನಮ್ಮತ್ತೆ. “ಅರಳಿಕಟ್ಟೆ ಮೇಲೆ ಆಡೋದೂ ಅಷ್ಟೇ ಅಲ್ವಾ. ಆದ್ರೆ ನೀನು ಯಾರ್ನೂ ಇಯ್ಯಾಳಿಸಿ ಓದ್ತಿರ್ಲಿಲ್ಲ. ಅತ್ತೋರ ವಿಷಯ ಅತ್ತಂಗೇ ಓದ್ತಿದ್ದೆ. ಅದಕ್ಕೇ ಕೇಳ್ತಿದ್ದೆ ನಾನು.”

ಈ ಹೆಂಗಸು ಟೀವಿ ಹೇಳಿದ್ದನ್ನೆಲ್ಲ ನುಂಗ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಇವರು ಜೊಳ್ಳು ತೂರಿ ಕಾಳು ಇಟ್ಕೊಳ್ತಿದ್ರು.

“ನಮ್ಮ ಕಡೆ ಮಾತು ಇಷ್ಟು ಚೆನ್ನಾಗಿ ಎಲ್ಲಿ ಕಲ್ತೆ ನೀನು?” ಅಂತ ಕೇಳ್ದೆ ನಾನು. “ಮನೇಲಿ ಪೂರ್ತಿ ಅಥಣಿ ಭಾಷೆ.”

ರಕ್ಷಾ ನನ್ನ ಮುಖ ನೋಡಿ ತಲೆ ತಗ್ಗಿಸಿ ನಕ್ಕಳು. “ಸುದ್ದಿ ಓದಾಕ ಕೇಳಾಕ ಹೋದಾಗ ದನಿ ಚಲೋ ಐತಿ, ಭಾಷಾ ನಡಿಯಂಗಿಲ್ಲ ಅಂದ್ರು ಆಂಟಿ. ಹೊಳ್ಳಿ ಬಂದು ಅಳ್ಕೊಂತ ಕುಂತಿದ್ದೆ. ಕೆಳಗ ನೀವು, ಅಜ್ಜಿ ಜಗಳಾ ಆಡೂದು ಕೇಳ್ತಿತ್ತು. ದಿನಾ ಕಿಟಕಿ ಹಂತ್ಯಾಕ ಕುಂತು ನಿಮ್ಮ ಜಗಳಾನ ಬಾಯಿಪಾಠ ಮಾಡಿದೆ.”

ನಮ್ಮತ್ತೆ ಹೊಟ್ಟೆ ಹಿಡ್ಕೊಂಡು ನಕ್ರು. ಹಬ್ಬ ಕಳೆದ ಮೇಲೆ ಅದೇ ಮೊದಲ ಸಲ ನಕ್ಕಿದ್ದು. ನಾನು ಎರಡು ರೊಟ್ಟಿ ಮುರಿದು ಅವರ ತಟ್ಟೆಗೆ ಹಾಕ್ದೆ, ತಿಂದ್ರು. ಹೋಗೋವಾಗ ರಕ್ಷಾ ಹೇಳಿದ್ಲು, ಮುಂದಿನ ಸೋಮವಾರಕ್ಕೆ ಯಶವಂತಪುರದಿಂದ ರೈಲಿಗೆ ಟಿಕೆಟ್ ಆಗಿದೆ ಅಂತ. ಚಾನೆಲ್‌ನ ರಘುನಾಥ್ ಸಾರ್ ಭಾನುವಾರದ ತನಕ ಕಾಯ್ತೀನಿ ಅಂದಿದ್ರಂತೆ. ಅಷ್ಟರಲ್ಲಿ ಬರದಿದ್ರೆ ಬೇರೆಯವರನ್ನ ತಗೊಳ್ತಾರಂತೆ.

ಅವತ್ತು ಸಾಯಂಕಾಲ ಅಪ್ಪಾಸಾಹೇಬರು ಕೆಲಸದಿಂದ ಬರೋದನ್ನೇ ಕಾಯ್ದು ನಮ್ಮತ್ತೆ ಮೆಟ್ಟಿಲ ಬುಡದಲ್ಲಿ ಕೂತ್ರು. ನಾನು ಹಿಂದೆ ನಿಂತಿದ್ದೆ. ಇವರು ಮತ್ತೇನು ಕಿತಾಪತಿ ಮಾಡ್ತಾರೋ ಅಂತ ಕಾವಲಿಗೆ.

“ಅಪ್ಪಾಸಾಬ್ರೇ, ತಪ್ಪು ನಂದು.”

“ಇಲ್ರೀ ಅವ್ವಾರ. ನಿಮ್ಮಿಂದ ಖರೆ ಗೊತ್ತಾತು.”

“ನಿನ್ ಮಗಳು. ಕರ್ಕಂಡೋಗು, ಬೇಡ ಅನ್ನಕ್ಕೆ ನಾನ್ಯಾರು. ಒಂದೇ ಮಾತು. ಮನೆಮಗಳು ಅನ್ನಿಸ್ಕಂಡೋಳು ಏಳ್ದೆ ಕೇಳ್ದೆ ಒಸ್ಲು ದಾಟ್ಬಾರ್ದು. ನನ್ನಂತೋರು ಏಸು ಮನೇಲಿ ಏಸು ಜನ ಕಾಯ್ತಾ ಕುಂತವ್ರೋ. ಒಂದೇ ಒಂದು ಸಲ ಓದಿ, ‘ಓಗ್ಬತ್ತೀನಿ’ ಅಂತ ಏಳಿ ಓಗ್ಲಿ.”

ಅಪ್ಪಾಸಾಹೇಬರು ಟಿಫನ್ ಬ್ಯಾಗು ಈ ಕೈಯಿಂದ ಆ ಕೈಗೆ ಬದಲಾಯಿಸಿದ್ರು. ಹೇಳಿ ಹೋಗ್ಬೇಕು ಅನ್ನೋ ಮಾತು ಅವರಿಗೂ ತಟ್ಟಿತು ಅಂತ ಕಾಣುತ್ತೆ. “ಆಫೀಸಿಗೆ ಕಳಸಂಗಿಲ್ಲ ನಾ. ಮನಿಯಾಗ ಓದ್ಲಿ, ನನ್ನ ಮುಂದ. ಒಂದ ಸಲ” ಅಂದ್ರು.

ಮೇಲಿನ ಮನೇಲಿ ಓದೋಕೆ ಆಗಲ್ಲ ಅಂದ್ಲು ರಕ್ಷಾ. ಒಂದು ಕಡೆ ವಿಮಾನ, ಒಂದು ಕಡೆ ಪಕ್ಕದ ಸೈಟಿನಲ್ಲಿ ಕಟ್ಟಡದ ಕೆಲಸ. ಆರ್.ಟಿ. ನಗರದ ಚಾನೆಲ್ ಆಫೀಸಿನಲ್ಲಿ ಗೋಡೆಗೆಲ್ಲ ಸ್ಪಂಜ್ ಬಡಿದಿರ್ತಾರಂತೆ, ಹೊರಗಿನ ಸದ್ದು ಬರಲ್ಲ, ಒಳಗೆ ಗುಂಯ್ ಅನ್ನಲ್ಲ. ನಮ್ಮತ್ತೆ ಯೋಚನೇನೇ ಮಾಡ್ಲಿಲ್ಲ. “ನಮ್ಮ ರಾಗಿ ಕೋಣೇಲಿ ಓದ್ಲಿ” ಅಂದ್ರು.

ರಾಜಾನುಕುಂಟೆ ಆಚೆ ನಮಗೆ ಇನ್ನೂ ಸ್ವಲ್ಪ ಹೊಲ ಉಳಿದಿದೆ. ಅಲ್ಲಿಂದ ಬಂದ ರಾಗಿ ಮೂಟೆ ನಡುಮನೆ ಪಕ್ಕದ ಕಿಟಕಿ ಇಲ್ಲದ ಕೋಣೇಲಿ ಸೂರಿನ ತನಕ ಪೇರಿಸಿರ್ತೀವಿ. ಭಾನುವಾರ ಬೆಳಗ್ಗೆ ಮೋನಿಕಾ ಮತ್ತು ರಕ್ಷಾ ಸೇರಿ ಮಧ್ಯೆ ಒಬ್ಬರು ಕೂರೋಷ್ಟು ಜಾಗ ಬಿಡಿಸಿದ್ರು. ನಾನು ಬೈಕೊಂಡೇ ಮನೇಲಿದ್ದ ಕಂಬಳಿ, ಕೌದಿ ಎಲ್ಲ ತಂದು ಕೊಟ್ಟೆ. ಬಾಗಿಲು ಹಾಕಿದ್ರೆ ಉಸಿರು ಕಟ್ಟುತ್ತೆ ಅಂತ ಬಾಗಿಲು ತೆಗೆದಿಟ್ಟು ದಪ್ಪ ರಗ್ಗು ಇಳಿಬಿಟ್ವಿ. ಒಳಗೆ ಹೋಗಿ ನಾನೊಂದು ಮಾತಾಡಿ ನೋಡಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸ್ತು. ರಾಗಿ ಬೀಸೋಕೆ ಹಾಕೋವಾಗೆಲ್ಲ ಹೋಗೋ ಕೋಣೆ ಅದು, ಇಷ್ಟು ವರ್ಷದಲ್ಲಿ ಒಂದಿನಾನೂ ಅಲ್ಲಿ ನಿಂತು ಕಿವಿಗೊಟ್ಟಿರ್ಲಿಲ್ಲ.

ಮನೆಯಿಂದಲೇ ಫೋನಲ್ಲಿ ಓದಿ ಕಳ್ಸು ಅಂತ ರಘುನಾಥ್ ಸಾರ್ ಒಪ್ಪಿದ್ರಂತೆ, ಮಧ್ಯಾಹ್ನ ಓದ್ಬೇಕಾದ್ದನ್ನ ಬರೆದು ಕಳಿಸಿದ್ರು. ರಕ್ಷಾ ನೋಡಿ ಮುಖ ಸಪ್ಪಗೆ ಮಾಡ್ಕೊಂಡ್ಲು. ನಟಿ ಕುಸುಮಾಬಾಯಿ ಇನ್ನಿಲ್ಲ ಅಂತ ಇತ್ತು. ಹಿಂದೆ ಎಷ್ಟೋ ಸಿನಿಮಾದಲ್ಲಿ ತಾಯಿ ಪಾತ್ರ ಮಾಡಿದ್ದ ಹೆಂಗಸು, ಆಮೇಲೆ ಯಾರಿಗೂ ಬೇಡವಾದ್ರು. ಮೋನಿಕಾ ಟೀವಿ ಹಾಕಿದ್ಲು. ಎರಡು ಚಾನೆಲ್‌ನಲ್ಲಿ ಆಗ್ಲೇ ಅವರ ಫೋಟೋ ಮುಂದೆ ದೀಪ ಉರೀತಿತ್ತು. ಅಪ್ಪಾಸಾಹೇಬರು ಬಂದು ಹಾಲ್‌ನಲ್ಲಿ ಕೂತಿದ್ರು, ಪಕ್ಕದಲ್ಲಿ ನಮ್ಮೆಜಮಾನ್ರು. ರತ್ನಕ್ಕ ಮೇಲೆ ಮಗಳ ಸಾಮಾನು ಕಟ್ತಿದ್ರು.

“ಪಾಪ, ಕುಸುಮಾಬಾಯಿ” ಅಂದ್ರು ನಮ್ಮತ್ತೆ. ಕಣ್ಣು ಒರೆಸ್ಕೊಂಡ್ರು. ಆಮೇಲೆ ರಕ್ಷಾ ಕಡೆ ತಿರುಗಿದ್ರು. “ಅವ್ರ ಮನೆಯೋರ್ನ ಕೇಳಿದ್ಯಾ?”

“ಇಲ್ರೀ ಅಜ್ಜಿ. ಎಲ್ಲಾರೂ ಹಾಕ್ಯಾರಲ್ಲ.”

“ಎಲ್ಲಾರೂ ಆಕ್ಲಿ. ಸಾವಿನ ಮನೆಗೆ ಓಗೋ ಮೊದ್ಲು ನಾವು ಯಾರ್ನಾದ್ರೂ ಇಡ್ಕಂಡು ಕೇಳ್ಕಂಡೇ ಓಗೋದು. ಬದುಕಿರೋರ ಮನೆ ಮುಂದೆ ಓಗಿ ಅತ್ರೆ ಎಂಗಾಯ್ತದೆ?”

ರಕ್ಷಾ ಫೋನ್ ತಗೊಂಡ್ಲು. ಯಾರಿಗೋ ಮಾಡಿದ್ಲು, ಅವರು ಒಬ್ಬ ಮೇಕಪ್‌ನವರ ನಂಬರ್ ಕೊಟ್ರು, ಅವರು ಇನ್ನೊಂದು ನಂಬರ್ ಕೊಟ್ರು. ಮಧ್ಯೆ ರಘುನಾಥ್ ಸಾರ್ ಫೋನ್ ಬಂತು. “ಬೇಗ ಓದಿ ಕಳ್ಸು ರಕ್ಷಾ, ನಾವೇ ಲೇಟು” ಅಂತ ಕಿರುಚ್ತಿದ್ದು ನಮಗೂ ಕೇಳಿಸ್ತು. “ಹತ್ತು ನಿಮಿಷ ಸಾರ್” ಅಂತ ನಮ್ಮ ಕಡೆ ಭಾಷೇಲಿ ಹೇಳಿ ಇಟ್ಟು, ಕೊನೇ ನಂಬರ್‌ಗೆ ಮಾಡಿ ಸ್ಪೀಕರ್ ಹಾಕಿದ್ಲು. ಬಹಳ ಹೊತ್ತು ರಿಂಗ್ ಆಯ್ತು.

“ಯಾರು?” ಒಂದು ಮುದಿ ದನಿ.

“ನಮಸ್ಕಾರ ಅಮ್ಮ. ಕುಸುಮಾಬಾಯಿ ಅವರ ಮನೆಯಾ? ಅವರ ಬಗ್ಗೆ ಟೀವೀಲಿ...”

“ನಾನೇ ಕಣಮ್ಮ ಕುಸುಮಾಬಾಯಿ. ನಾನೂ ಟೀವೀನೇ ನೋಡ್ತಾ ಕೂತಿದ್ದೀನಿ. ಫೋಟೋ ಚೆನ್ನಾಗಿರೋದು ಹಾಕಿದ್ದಾರೆ.”

ಟೀವೀಲಿ ಆಯಮ್ಮನ ಫೋಟೋ ಮುಂದೆ ದೀಪ, ಫೋನಿನಲ್ಲಿ ಆಯಮ್ಮನ ದನಿ. ಎರಡೂ ಒಟ್ಟಿಗೆ.

“ಯಾರಾದ್ರೂ ಫೋನ್ ಮಾಡಿದ್ರಾ ಅಮ್ಮ ನಿಮಗೆ?” ರಕ್ಷಾ ಕೇಳಿದ್ಲು.

“ಬೆಳಗ್ಗಿಂದ ನೀನೇ ಮೊದಲು. ಸತ್ತೋಳಿಗೆ ಯಾರಮ್ಮ ಫೋನ್ ಮಾಡ್ತಾರೆ? ನಂಗೇ ಒಂದ್ಸಲ ಅನುಮಾನ ಬಂದು ಕೈ ಚಿವುಟಿ ನೋಡ್ಕೊಂಡೆ.”

“ಊಟ ಆಯ್ತಾ ಅಮ್ಮ?”

“ಇಲ್ಲ. ಸಾರಿಗೆ ಒಗ್ಗರಣೆ ಹಾಕ್ಬೇಕಿತ್ತು, ಇದನ್ನ ನೋಡ್ತಾ ಹಂಗೇ ಕೂತ್ಬಿಟ್ಟೆ. ಈಗ ಹಾಕ್ತೀನಿ. ನೀನು ಯಾರು ಅಂತ ಹೇಳ್ಲಿಲ್ಲ?”

ರಕ್ಷಾ ಅಪ್ಪನ ಕಡೆ ನೋಡಿದ್ಲು. “ನಾನು ಬಣ್ಣದ ಕಟ್ಟೆ ಮನೆಮಗಳು ಅಮ್ಮ” ಅಂದ್ಲು.

“ಅಯ್ಯೋ ನೀನಾ. ಏಳು ಗಂಟೆಗೆ ಬರೋಳು. ಎಲ್ಲಿಗೆ ಹೋಗಿದ್ದೆ ಇಷ್ಟು ದಿನ?”

ನಮ್ಮತ್ತೆ ಗೋಡೆಗೆ ಒರಗಿದ್ದೋರು ನೆಟ್ಟಗೆ ಕೂತ್ರು. ಅಪ್ಪಾಸಾಹೇಬರು ನೆಲ ನೋಡ್ತಿದ್ರು. ರಕ್ಷಾ ಫೋನಿಟ್ಟು, ರಘುನಾಥ್ ಸಾರ್ ಕಳಿಸಿದ್ದನ್ನ ಪಕ್ಕಕ್ಕಿಟ್ಟು, ಒಂದು ಹಾಳೇಲಿ ತಾನೇ ಬರೆಯೋಕೆ ಕೂತ್ಲು.

ಆಮೇಲೆ ಅವಳು ರಗ್ಗು ಸರಿಸಿ ಒಳಗೆ ಹೋದ್ಲು. ನಾನು ಸ್ಟವ್ ಸಣ್ಣ ಮಾಡಿ ಕುಕ್ಕರ್ ಇಳಿಸ್ದೆ. ಮೋನಿಕಾ ಫ್ಯಾನ್ ಆರಿಸಿದ್ಲು. ನಮ್ಮೆಜಮಾನ್ರು, ಊರಿನ ಪಂಚಾಯ್ತೀಲೂ ಬಾಯಿ ಮುಚ್ಚದ ಮನುಷ್ಯ, ಎದ್ದು ಹೋಗಿ ಪಕ್ಕದ ಸೈಟಿನ ಮೇಸ್ತ್ರಿಗೆ ಹೇಳಿ ಕೆಲಸ ನಿಲ್ಲಿಸಿ ಬಂದ್ರು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇಷ್ಟು ನಿಶ್ಶಬ್ದ ಕೇಳಿರ್ಲಿಲ್ಲ.

“ನಮಸ್ಕಾರ, ನಾನು ನಿಮ್ಮ ಮನೆಮಗಳು. ಬೆಳಗ್ಗೆಯಿಂದ ನೀವೆಲ್ಲರೂ ಒಂದು ಸುದ್ದಿ ಕೇಳಿದ್ದೀರಿ. ಅದು ಸುಳ್ಳು. ಕುಸುಮಾಬಾಯಿ ಅವರು ಇದ್ದಾರೆ. ಅವರ ಜೊತೆ ನಾನೇ ಮಾತಾಡಿದೆ. ಸಾರಿಗೆ ಒಗ್ಗರಣೆ ಹಾಕಬೇಕು ಅಂದರು. ಅವರು ಸತ್ತರು ಅಂತ ಹೇಳೋಕೆ ಎಲ್ಲರಿಗೂ ಪುರುಸೊತ್ತಿತ್ತು. ಇದ್ದೀರಾ ಅಂತ ಕೇಳೋಕೆ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ಕೇಳು ಅಂತ ನಮ್ಮ ಮನೆಯ ಅಜ್ಜಿ ಹೇಳಿದರು. ಮನೆಯಲ್ಲಿ ಹಿರಿಯರು ಇದ್ದರೆ ನೀವೂ ಈಗ ಎದ್ದು ಹೋಗಿ ಊಟ ಆಯ್ತಾ ಅಂತ ಕೇಳಿ ಬನ್ನಿ. ನಾನು ಕಾಯ್ತೀನಿ.”

ಅಲ್ಲಿ ನಿಲ್ಲಿಸಿದ್ಲು. ನಿಜವಾಗ್ಲೂ ಕಾದ್ಲು. ದೇವಸ್ಥಾನದ ಗರ್ಭಗುಡಿ ಮುಂದೆ ಪರದೆ ಹಾಕಿದಾಗ ನಿಲ್ತೀವಲ್ಲ, ಹಂಗೆ ನಿಂತಿದ್ವಿ ನಾವೆಲ್ಲ ಆ ಹಳೇ ರಗ್ಗಿನ ಮುಂದೆ. ಇಷ್ಟು ದಿನ ಅವಳು ಓದಿದ್ದೂ ಗಾಸಿಪ್ಪೇ, ಇದೂ ಅದೇ ಚಾನೆಲ್ಲಿಗೆ ಹೋಗೋ ಮಾತೇ. ಆದ್ರೂ ನನಗೆ ಕೈ ಮುಗೀಬೇಕು ಅನ್ನಿಸ್ತು.

“ಕೇಳಿ ಬಂದ್ರಾ? ಒಳ್ಳೇದು. ಇದು ನನ್ನ ಕೊನೆಯ ಮಾತು. ನಾಳೆಯಿಂದ ನಾನು ಇರೋದಿಲ್ಲ. ನಮ್ಮ ಅಪ್ಪ ಕರೆದಿದ್ದಾರೆ, ಊರಿಗೆ ಹೊರಟಿದ್ದೀನಿ. ಹೋಗಿಬರ್ತೀನಿ.”

ರಗ್ಗು ಸರಿಸ್ಕೊಂಡು ಹೊರಗೆ ಬಂದ್ಲು. ಮುಖವೆಲ್ಲ ಬೆವರು, ಕೂದಲಿಗೆ ರಾಗಿ ಹೊಟ್ಟು. ಯಾರ ಮುಖಾನೂ ನೋಡ್ದೆ ಫೋನು ಅಪ್ಪನ ಮುಂದೆ ಇಟ್ಟಳು. “ಕಳಸ್ಲೇನಪ್ಪ?”

ಅಪ್ಪಾಸಾಹೇಬರು ಫೋನು ಮುಟ್ಲಿಲ್ಲ. ರಗ್ಗಿನ ಕಡೆ ಕೈ ತೋರಿಸಿದ್ರು.

“ಇನ್ನೊಮ್ಮೆ ಓದು.”

“ಏನರ ತಪ್ಪಾತೇನು?”

“ತಪ್ಪೇನಿಲ್ಲ. ಆ ಊರಿಗೆ ಹೋಗೂ ಕಡೀ ಮಾತು ಬ್ಯಾಡ. ಅದೊಂದು ಬಿಟ್ಟು ಓದು.” ಅವರು ಎದ್ದು ಮೆಟ್ಟಿಲ ಹತ್ರ ಹೋಗಿ ಮೇಲೆ ನೋಡಿ ಕರೆದ್ರು. “ರತ್ನಾ, ಅದನ್ನೆಲ್ಲ ಬಿಟ್ಟು ಕೆಳಗ ಬಾ. ನಿನ್ನ ಮಗಳು ಸುದ್ದಿ ಓದಾಕತ್ತಾಳ.”

ರತ್ನಕ್ಕ ಸಾಮಾನು ಕಟ್ತಿದ್ದ ಹಗ್ಗ ಕೈಲಿ ಹಿಡ್ಕೊಂಡೇ ಇಳಿದು ಬಂದ್ರು. ನಮ್ಮತ್ತೆ ಚಾಪೆ ಮೇಲೆ ಸರಿದು ಅವರಿಗೆ ಜಾಗ ಮಾಡ್ಕೊಟ್ರು. ನಾನು ಹೋಗಿ ಸ್ಟವ್ ಪೂರ್ತಿ ಆರಿಸಿ ಬಂದೆ.